ಕರ್ತೃವಿಲ್ಲದ ವಾಕ್ಯಗಳು

ನಗರಕ್ಕೆ ನೀರು ಹಂಚುವ ಕಚೇರಿಯ ಗಣಕ ವಿಭಾಗದಲ್ಲಿ ಹದಿನೇಳು ವರ್ಷ ದುಡಿದಿದ್ದ ಆ ಎಂಜಿನಿಯರರನ್ನು ಬೆನ್ನ ಹಿಂದೆ ಎಲ್ಲರೂ ‘ಲಾಗಿದೆ ಸಾರ್’ ಎಂದು ಕರೆಯುತ್ತಿದ್ದರು. ಆ ಹೆಸರು ಅವರ ಕಿವಿಗೂ ಬಿದ್ದಿತ್ತು, ಬೇಸರವೇನೂ ಆಗಿರಲಿಲ್ಲ. ಯಾವ ಬಡಾವಣೆಗೆ ಯಾವ ಹೊತ್ತಿನಲ್ಲಿ ನೀರು ಹೋಗಬೇಕೆಂದು ಪಟ್ಟಿಮಾಡುವ ತಂತ್ರಾಂಶವನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಬರೆದವರು ಅವರೇ. ಆದರೆ ಸಂಜೆ ದಾಖಲೆ ಪುಸ್ತಕ ಬಿಡಿಸಿ ಗುಂಡಗಿನ ಅಕ್ಷರಗಳಲ್ಲಿ ಅವರು ಬರೆಯುತ್ತಿದ್ದುದು ಇಷ್ಟೆ: ‘ದೋಷ ಸರಿಪಡಿಸಲಾಗಿದೆ.’ ‘ಹೊಸ ಪಟ್ಟಿ ಅಳವಡಿಸಲಾಗಿದೆ.’ ಸರಿಪಡಿಸಿದವರು ಯಾರು, ಅಳವಡಿಸಿದವರು ಯಾರು ಎಂಬುದಕ್ಕೆ ಆ ವಾಕ್ಯಗಳಲ್ಲಿ ಎಡೆಯೇ ಇರಲಿಲ್ಲ. ‘ನಾನು ಮಾಡಿದೆ’ ಎಂಬ ಮಾತು ನಾಲಗೆಗೆ ಬಂದರೆ ಅದರ ಬೆನ್ನಿಗೇ ಅಹಂಕಾರವೂ ಬರುತ್ತದೆಂದು ಅವರು ನಂಬಿದ್ದರು. ಮಾಡಿಸುವವನು ಮೇಲಿದ್ದಾನೆ, ಕೈ ಮಾತ್ರ ತನ್ನದು: ಬೆಳಗಿನ ಪ್ರಾರ್ಥನೆಯಲ್ಲಿ ದಿನವೂ ಹೇಳಿಕೊಳ್ಳುತ್ತಿದ್ದ ಈ ಮಾತನ್ನು ಅವರು ಕಚೇರಿಯ ಪುಸ್ತಕದಲ್ಲಿಯೂ ಪಾಲಿಸಿಕೊಂಡು ಬಂದಿದ್ದರು.

ಹೀಗಿರಲು, ಮೂರು ವಿಭಾಗಗಳನ್ನು ಒಂದುಗೂಡಿಸುವ ಆದೇಶ ಬಂತು. ಮುಖ್ಯಸ್ಥನ ಸ್ಥಾನ ಒಂದೇ. ಅದು ದೊರೆಯದವರಿಗೆ ಉಗ್ರಾಣದ ಕಡತಗಳೇ ಗತಿ. ತಾವು ಹೆತ್ತು ಹೊತ್ತಂತೆ ಸಾಕಿದ ತಂತ್ರಾಂಶವನ್ನು ಬೇರೆಯವರ ಕೈಗಿಟ್ಟು, ಕೊಳವೆ, ನಲ್ಲಿಗಳನ್ನು ಎಣಿಸುತ್ತ ಕೂರುವ ಚಿತ್ರ ಕಣ್ಣಮುಂದೆ ಬಂದಾಗ ಅವರಿಗೆ ಊಟ ರುಚಿಸಲಿಲ್ಲ. ಪ್ರತಿಯೊಬ್ಬರೂ ತಮ್ಮ ಕೆಲಸದ ಪರಿಚಯವನ್ನು ಮೂರು ಪುಟಗಳಲ್ಲಿ ಬರೆದು ಸಲ್ಲಿಸಬೇಕಾಗಿತ್ತು.

ಅವರ ತಮ್ಮನ ಹೆಂಡತಿ ತಂತ್ರಜ್ಞರಿಗೆ ಉದ್ಯೋಗದ ಸಲಹೆ ಕೊಡುವುದನ್ನೇ ಕಸುಬು ಮಾಡಿಕೊಂಡವಳು. ಭಾನುವಾರ ಮಧ್ಯಾಹ್ನ ಬಂದು ಕುಳಿತು, ಭಾವ ಬರೆದಿದ್ದ ಹಾಳೆಗಳನ್ನು ಓದಿದವಳೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

“ಏನು ಭಾವ ಇದು? ದೆವ್ವದ ಮನೆ ಕಥೆ ಓದಿದ ಹಾಗಿದೆ. ಎಲ್ಲಾ ತಾನಾಗೇ ಆಗಿದೆ. ಮನುಷ್ಯರೇ ಇಲ್ಲ!”

“ಕೆಲಸ ಆಗಿದೆಯಲ್ಲಮ್ಮ, ಅಷ್ಟು ಸಾಲದಾ?”

“ಕೆಲಸ ಆಗಿದೆ, ನೀವು ಕಾಣ್ತಾ ಇಲ್ಲ. ಓದೋರು ನಿಮ್ಮನ್ನ ಎಲ್ಲಿ ಅಂತ ಹುಡುಕಬೇಕು? ನನ್ನ ಹತ್ತಿರ ಬರೋರು ಅರ್ಧ ಕೆಲಸ ಮಾಡಿ ಒಂದೂವರೆ ಹೇಳ್ಕೋತಾರೆ, ಅವರನ್ನ ಇಳಿಸೋದೇ ನನಗೆ ಸಾಕಾಗಿದೆ. ನಿಮ್ಮನ್ನ ನೋಡಿದ್ರೆ ಏಣಿ ಹಾಕಿ ಹತ್ತಿಸಬೇಕು.”

“ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ.”

“ಹೊಗಳ್ಕೊಳ್ಳಿ ಅಂದ್ನಾ? ಹಳೇ ಪುಸ್ತಕ ತೆಗೀರಿ. ಒಂದೊಂದು ಸಾಲಿಗೂ ಯಾರು ಮಾಡಿದ್ದು ಅಂತ ಕೇಳ್ಕೊಳ್ಳಿ. ನೀವಾದ್ರೆ ನಾನು ಅಂತ ಬರೀರಿ, ಬೇರೆಯವರಾದ್ರೆ ಅವರ ಹೆಸರು ಬರೀರಿ. ಅಷ್ಟೇ. ಸುಳ್ಳೂ ಬೇಡ, ಸಂಕೋಚಾನೂ ಬೇಡ.”

ಮರುದಿನ ಅವರು ಪಂಪ್‌ಹೌಸಿನ ಪಕ್ಕದ ತಮ್ಮ ಕೋಣೆಯಲ್ಲಿ ಐದು ದಾಖಲೆ ಪುಸ್ತಕಗಳನ್ನು ಹರಡಿಕೊಂಡು ಕುಳಿತರು. ಗೋಡೆಯಾಚೆಯ ಯಂತ್ರಗಳ ಗುಂಯ್‌ಗುಡುವಿಕೆಗೆ ಮೇಜಿನ ಮೇಲಿನ ನೀರಿನ ಲೋಟ ಸಣ್ಣಗೆ ನಡುಗುತ್ತಿತ್ತು. ‘ಸರಿಪಡಿಸಲಾಗಿದೆ’ ಎಂಬುದನ್ನು ‘ನಾನು ಸರಿಪಡಿಸಿದೆನು’ ಎಂದು ತಿರುಗಿಸಿದ ಮೊದಲ ಸಲ ಅವರ ಮುಖ ಬಿಸಿಯಾಯಿತು. ಹತ್ತನೆಯ ಸಲಕ್ಕೆ ಅದು ಬರಿಯ ನಿಜದಂತೆ ಕಂಡಿತು. ಮೀಟರು ಓದುವಾಕೆ ಸೂಚಿಸಿದ್ದ ಒಂದು ಉಪಾಯಕ್ಕೆ ಆಕೆಯ ಹೆಸರನ್ನು ಬರೆದಾಗ, ಇಷ್ಟು ವರ್ಷ ಆಕೆಯನ್ನೂ ತಾನು ಅಳಿಸಿಬಿಟ್ಟಿದ್ದೆನಲ್ಲ ಎಂದು ಪೆಚ್ಚಾದರು.

ಕೊನೆಯ ಪುಸ್ತಕದ ನಡುವಿನ ಒಂದು ಸಾಲಿಗೆ ಬಂದಾಗ ಅವರ ಲೇಖನಿ ನಿಂತಿತು. ‘ಪೂರ್ವದ ಬಡಾವಣೆಗಳ ಪಟ್ಟಿಯಲ್ಲಿ ತಪ್ಪು ವೇಳೆ ನಮೂದಿಸಲಾಗಿತ್ತು. ಸರಿಪಡಿಸಲಾಗಿದೆ.’

ಎರಡು ವರ್ಷಗಳ ಹಿಂದಿನ ಮಾತು. ಅಂದು ಪೂರ್ವದ ಬಡಾವಣೆಗಳಿಗೆ ಮಧ್ಯಾಹ್ನದವರೆಗೂ ನೀರು ಹೋಗಿರಲಿಲ್ಲ. ಪಟ್ಟಿಯನ್ನು ಈ ಕೋಣೆಯಿಂದಲೂ ತಿದ್ದಬಹುದಾಗಿತ್ತು, ಪಂಪ್‌ಹೌಸಿನ ಗಣಕದಿಂದಲೂ ತಿದ್ದಬಹುದಾಗಿತ್ತು. ಮೇಲಿನವರು ಈ ಸಾಲನ್ನು ಓದಿ, ತಿದ್ದಿ ಕೆಡಿಸಿದವನು ಪಂಪ್ ನಡೆಸುವವನೇ ಇರಬೇಕೆಂದು ತೀರ್ಮಾನಿಸಿದರು. ಅವನನ್ನು ಊರಾಚೆಯ ಜಲಾಗಾರಕ್ಕೆ ವರ್ಗಮಾಡಿದರು. ಎಂಜಿನಿಯರರು ಸುಳ್ಳು ಹೇಳಿರಲಿಲ್ಲ. ಅವರನ್ನು ಯಾರೂ ಕೇಳಿರಲಿಲ್ಲ. ಆದರೆ ಹಿಂದಿನ ಸಂಜೆ ಆ ಅಂಕಿಗಳನ್ನು ಒತ್ತಿದ ಬೆರಳು ಅವರದೇ ಆಗಿತ್ತು, ಅದು ಅವರಿಗೆ ಗೊತ್ತಿತ್ತು. ಒಳಿತನ್ನು ಭಗವಂತನ ಅಡಿಗೆ ಒಪ್ಪಿಸಿ ಕೈಮುಗಿಯುವುದು ಭಕ್ತಿ. ತಪ್ಪನ್ನೂ ಅದೇ ಗಂಟಿನಲ್ಲಿ ಕಟ್ಟಿ ಅಲ್ಲಿಯೇ ಇರಿಸಿ ಬರುವುದು ಏನು? ಆ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿರಲಿಲ್ಲ. ಅವರು ತಮ್ಮನ ಹೆಂಡತಿಗೆ ಫೋನು ಮಾಡಿದರು.

“ಅದನ್ನ ಬಿಟ್ಟುಬಿಡಿ ಭಾವ,” ಎಂದಳು ಅವಳು. “ಇದು ಪರಿಚಯ, ತಪ್ಪೊಪ್ಪಿಗೆ ಅಲ್ಲ.”

“ಒಂದೊಂದು ಸಾಲಿಗೂ ಯಾರು ಅಂತ ಕೇಳ್ಕೊಳ್ಳಿ ಅಂದವಳು ನೀನೇ ಅಲ್ವೇನಮ್ಮ?”

“ಹಾಕಲೇಬೇಕು ಅಂದ್ರೆ ಹಾಕಿ. ಆದ್ರೆ ದಮ್ಮಯ್ಯ, ಮೊದಲನೇ ಪುಟದಲ್ಲಿ ಬೇಡ,” ಎಂದಳು.

ಹಾಳೆಗಳನ್ನು ಸಲ್ಲಿಸುವ ಮೊದಲು ಅವರು ಎರಡು ಬಸ್ಸು ಬದಲಿಸಿ ಜಲಾಗಾರಕ್ಕೆ ಹೋದರು. ಪಂಪಿನವನು ಕಬ್ಬಿಣದ ಮೆಟ್ಟಿಲ ಮೇಲೆ ಕುಳಿತು ಡಬ್ಬಿಯ ಊಟ ಮಾಡುತ್ತಿದ್ದ. ಎಂಜಿನಿಯರರು ನಿಂತುಕೊಂಡೇ ಎಲ್ಲವನ್ನೂ ಹೇಳಿದರು.

“ಗೊತ್ತಿತ್ತು ಬಿಡಿ ಸಾರ್,” ಎಂದ ಅವನು, ತಲೆಯೆತ್ತದೆ.

“ಗೊತ್ತಿತ್ತಾ?”

“ನಾನು ಮುಟ್ಟಿಲ್ಲ ಅಂದ್ಮೇಲೆ ಉಳಿದಿದ್ದು ಇನ್ಯಾರು? ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಮೂರು ತಿಂಗಳು ಕಾದೆ. ಆಮೇಲೆ ಬಿಟ್ಟೆ.”

“ತಪ್ಪಾಯ್ತು.”

“ಇಲ್ಲಿ ನನ್ನ ಹತ್ರ ಹೇಳಿದ್ರೆ ದಿನಾ ಎರಡು ಬಸ್ಸು ಹಿಡಿಯೋದು ತಪ್ಪುತ್ತಾ? ಹೇಳೋ ಕಡೆ ಹೇಳಿ ಸಾರ್.” ಡಬ್ಬಿ ಮುಚ್ಚಿ ಎದ್ದವನು, ಅವರ ಬೆವೆತ ಮುಖ ನೋಡಿ, ಒಂದು ಲೋಟ ನೀರು ತಂದುಕೊಟ್ಟ. ಕುಳಿತುಕೊಳ್ಳಿ ಎಂದು ಮಾತ್ರ ಹೇಳಲಿಲ್ಲ.

ಸಂದರ್ಶನದ ದಿನ ಮುಖ್ಯ ಎಂಜಿನಿಯರ್ ಆಗಿದ್ದ ಹೆಂಗಸು ಮೂರನೆಯ ಪುಟವನ್ನು ಎರಡು ಬಾರಿ ಓದಿದರು.

“ಮೊದಲೆರಡು ಪುಟ ಓದಿ ಮುಖ್ಯಸ್ಥನ ಸ್ಥಾನಕ್ಕೆ ನಿಮ್ಮ ಹೆಸರು ಬರೆದಿಟ್ಟಿದ್ದೆ,” ಎಂದರು. “ಇದನ್ನ ಯಾಕೆ ಬರೆದಿರಿ? ಯಾರೂ ಕೇಳಿರಲಿಲ್ಲವಲ್ಲ.”

“ಅದಕ್ಕೇ ಮೇಡಂ. ಯಾರೂ ಕೇಳಲಿಲ್ಲ ಅಂತ ಎರಡು ವರ್ಷ ಸುಮ್ಮನಿದ್ದೆ.”

“ತಪ್ಪು ಅಂಕಿ ಯಾರಾದರೂ ಒತ್ತಬಹುದು. ಸುಮ್ಮನಿದ್ದದ್ದನ್ನ ಹೇಗೆ ಮರೆಯಲಿ ಹೇಳಿ?”

“ಮರೀಬೇಡಿ ಮೇಡಂ. ಅವನನ್ನ ವಾಪಸ್ ಕರೆಸಿ, ಸಾಕು.”

ವಾರದೊಳಗೆ ಎರಡು ಆದೇಶಗಳು ಹೊರಟವು. ಮುಖ್ಯಸ್ಥನ ಸ್ಥಾನ ಪಕ್ಕದ ವಿಭಾಗದವರಿಗೆ ಹೋಯಿತು. ಎಂಜಿನಿಯರರು ಹದಿನೈದು ದಿನಗಳಲ್ಲಿ ಅಧಿಕಾರ ವಹಿಸಿಕೊಟ್ಟು ಉಗ್ರಾಣಕ್ಕೆ ಹೋಗಬೇಕು. ಇನ್ನೊಂದು ಆದೇಶದಂತೆ ಪಂಪಿನವನು ತನ್ನ ಹಳೆಯ ಜಾಗಕ್ಕೆ ಮರಳಿದ.

ಸುದ್ದಿ ಕೇಳಿದ ತಮ್ಮನ ಹೆಂಡತಿ, “ನನ್ನ ಕಸುಬಿಗೇ ಕಲ್ಲು ಹಾಕಿದ್ರಲ್ಲ ಭಾವ,” ಎಂದು ಗದರಿದಳು. ಅನಂತರ ದನಿ ತಗ್ಗಿಸಿ, “ಊಟ ಸೇರ್ತಾ ಇದೆಯಾ?” ಎಂದು ಕೇಳಿದಳು. ಸೇರುತ್ತಿತ್ತು, ಅದು ಅವರಿಗೇ ಆಶ್ಚರ್ಯ.

ಉಳಿದ ಹದಿನೈದು ದಿನಗಳ ಮೊದಲ ಬೆಳಗ್ಗೆ ಪಂಪಿನವನು ಬಾಗಿಲಲ್ಲಿ ನಿಂತು, “ಸಾರ್, ಪೂರ್ವದ ಕಡೆಗೆ ಬಿಡ್ಲಾ?” ಎಂದ. ಅವರು ತಲೆಯಾಡಿಸುವಷ್ಟರಲ್ಲಿ, “ಪಟ್ಟಿ ಒಂದ್ಸಲ ನೋಡ್ಕೊಂಡು ಹೇಳಿ ಮತ್ತೆ,” ಎಂದು ಸೇರಿಸಿದ. ಮುಖದಲ್ಲಿ ನಗುವಿರಲಿಲ್ಲ, ಇರಲಿಲ್ಲವೆಂದೂ ಹೇಳುವಂತಿರಲಿಲ್ಲ.

ಅವರು ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಅಂಕಿಯನ್ನು ಓದಿ ನೋಡಿದರು, ಮತ್ತೊಮ್ಮೆ ನೋಡಿದರು. “ಬಿಡಪ್ಪ,” ಎಂದರು. ಸ್ವಲ್ಪ ಹೊತ್ತಿಗೆ ನೆಲದಡಿಯ ದೊಡ್ಡ ಕೊಳವೆಯಲ್ಲಿ ನೀರು ನುಗ್ಗಿದ ಸದ್ದು ಕೇಳಿಸಿತು.