ತಡೆಹಲಗೆಯ ಸರ್ಕಾನಿ

ಇಂಡೋನೇಷ್ಯಾದ ಕಾಲಿಮಂತಾನಿನ ಜೌಗುನೆಲದಲ್ಲಿ, ನೀರು ಹರಿದುಹೋಗದಂತೆ ಕಾಲುವೆಗೆ ಅಡ್ಡ ಹಾಕಿದ ತಡೆಹಲಗೆ ಕಾಯುವ ಸರ್ಕಾನಿ, ಹೆಂಡತಿಯ ಮುಖಕ್ಕಿಂತ ಮೊದಲು ನೀರಿನ ಮಟ್ಟ ನೋಡುವ ಮನುಷ್ಯ. ಬೇಸಿಗೆ ಹತ್ತಿತೆಂದರೆ ಅವನ ಊಟ, ನಿದ್ದೆ ಎರಡೂ ಹಲಗೆಯ ಮೇಲೆಯೇ. "ಹಲಗೆ ಎತ್ತು ದೊಡ್ಡಪ್ಪ, ನನ್ನ ತಾಳೆಗಿಡದ ಬೇರು ಕೊಳೀತಿದೆ," ಎಂದು ಪಕ್ಕದ ತೋಟದ ರುಸ್ದಿ ಕತ್ತಿ ಹಿಡಿದೇ ಬಂದು ನಿಂತರೂ ಇವನು ಕೂತಲ್ಲಿಂದ ಏಳುವುದಿಲ್ಲ, ಅದೇ ಮಾತು: "ನೀರಿಳಿದ್ರೆ ಬೆಂಕಿನೇ ಬೇಡ, ಎಲೆ-ಬೇರು ಕೊಳೆತು ಆದ ಈ ಮಣ್ಣು ಒಣಗಿ ತಾನಾಗೇ ಗಾಳಿಯಾಗಿ ಹೋಗ್ತದೆ ಕಣೋ. ನಂಬಿಕೆ ಇಲ್ದಿದ್ರೆ ನಮ್ಮನೆ ಮೆಟ್ಟಿಲು ಎಣಿಸು." ಅಪ್ಪ ಕಟ್ಟಿದ ಆ ಕಂಬದ ಮನೆಗೆ ಮೂರೇ ಮೆಟ್ಟಿಲಿದ್ದವು, ಕಾಡು ಹೋಗಿ ಭತ್ತ, ಭತ್ತ ಹೋಗಿ ತಾಳೆ ಬಂದಂತೆಲ್ಲ ನೀರು ಕಾಲುವೆಯಲ್ಲಿ ಬಸಿದುಹೋಗಿ ನೆಲ ಕುಸಿದು, ಕೆಳಗೆ ಒಂದೊಂದು ಸೇರಿ ಈಗ ಒಂಬತ್ತಾಗಿವೆ. ಮೊನ್ನೆ ರುಸ್ದಿ ಎಣಿಸುವ ಬದಲು, "ಈ ಕಾಲುವೆ ತೋಡಿದ್ದು ಯಾರು, ಅದನ್ನ ಹೇಳು," ಎಂದು ಕೆಣಕಿದ. ಸರ್ಕಾನಿ ತನ್ನ ಅಂಗೈ ನೋಡಿಕೊಂಡ. "ನಾನೇ. ಅದಕ್ಕೇ ಏಳಲ್ಲ."