ಕಾಂತಿಭಾಯಿಯ ನೆಲ್ಲಿಕಾಯಿ

ಸೀಸ ಬೆರೆತ ನೀರು ಕುಡಿದ ಇಲಿಗಳು ಹಾಗೆ ಮಿರಮಿರ ಮಿಂಚಬಾರದಿತ್ತು. ತೊಂಬತ್ತರ ದಶಕ, ವಡೋದರಾದಲ್ಲಿ ನನ್ನ ಸಂಶೋಧನೆ. ಎರಡು ಗೂಡುಗಳಿಗೂ ಸೀಸ, ಒಂದಕ್ಕೆ ಮಾತ್ರ ಜೊತೆಗೆ ಸಿ ವಿಟಮಿನ್. ಅದು ವಿಷವನ್ನು ತಡೆಯುತ್ತದೆಯೇ ಎಂದು ನೋಡಬೇಕಿತ್ತು. ಮೂರು ತಿಂಗಳಾದರೂ ಎರಡೂ ಗೂಡುಗಳ ಇಲಿಗಳು ಗಟ್ಟಿಮುಟ್ಟಾಗಿದ್ದವು.

ಅವುಗಳನ್ನು ನೋಡಿಕೊಳ್ಳುತ್ತಿದ್ದ ಕಾಂತಿಭಾಯಿಯನ್ನು ಕೇಳಿದೆ.

"ಒಂದಕ್ಕೆ ಔಷಧಿ, ಇನ್ನೊಂದಕ್ಕೆ ಬರೀ ವಿಷ. ಇದ್ಯಾವ ನ್ಯಾಯ, ಬೆಹೆನ್? ಔಷಧಿ ಇಲ್ಲದ ಗೂಡಿಗೆ ದಿನಾ ನೆಲ್ಲಿಕಾಯಿ ತುರಿದು ಹಾಕ್ತಿದ್ದೆ."

ಬೈಯಲು ಹೊರಟವಳಿಗೆ ನಗು ತಡೆಯಲಾಗಲಿಲ್ಲ. ನೆಲ್ಲಿಕಾಯಿಯ ತುಂಬ ಸಿ ವಿಟಮಿನ್ನೇ; ನಾನು ತೋರಿಸಬೇಕಿದ್ದುದನ್ನು ಅವರು ತೋರಿಸಿಯಾಗಿತ್ತು. ಪ್ರಬಂಧದಲ್ಲಿ ಬರೆಯುವಂತಿರಲಿಲ್ಲ, ಅಷ್ಟೆ.

ಮತ್ತೆ ಮೊದಲಿಂದ ಶುರು ಮಾಡಿದೆ. ಇಲಿಗಳಿಗೆ ಇನ್ನು ಏನೂ ಹಾಕುವುದಿಲ್ಲವೆಂದು ಕಾಂತಿಭಾಯಿ ಮಾತು ಕೊಟ್ಟರು. ಮಾರನೆಯ ದಿನ ನನ್ನ ಊಟದ ಡಬ್ಬಿಯ ಪಕ್ಕ ಒಂದು ಹಿಡಿ ನೆಲ್ಲಿಕಾಯಿ ತಂದಿಟ್ಟರು.

"ದಿನಾ ಸೀಸ ಮುಟ್ಟೋರು ನೀವೂ ತಾನೇ, ಬೆಹೆನ್."