ಮೂಡಣದ ಕಂಬ ಪಡುವಣಕ್ಕೆ

ಮೊಮ್ಮಗಳು ಹುಟ್ಟಿದ್ದಾಳೆ! ಇವತ್ತು ನಮ್ಮದೇ ಮನೆಯ ತೊಲೆಗೆ ಅವಳ ತೊಟ್ಟಿಲು ಕಟ್ಟಿದೆವು. ಹೊಳೆದಂಡೆಯಲ್ಲಿ ಇನ್ನೂ ಉಳಿದಿರುವ ನಮ್ಮೂರಿನವರೆಲ್ಲ ಮೊದಲು ಬಾಯಿ ಸಿಹಿ ಮಾಡಿಕೊಳ್ಳಿ. ಗೋಳು ಆಮೇಲೆ.

ಗೋಳೇನು ಕಮ್ಮಿಯೇ? ಅಣೆಕಟ್ಟಿನ ಹಿನ್ನೀರು ಊರಿಗೆ ಬರುತ್ತದೆಂದು ಬಾಗಲಕೋಟೆಯ ನವನಗರಕ್ಕೆ ಬಂದೆವು. ಇಲ್ಲಿ ಓಣಿಗೆ ಸೆಕ್ಟರ್ ಅನ್ನುತ್ತಾರೆ, ಹೆಸರಿಲ್ಲ, ಬರೀ ನಂಬರು. ಅಲ್ಲಿ ಕಣ್ಣು ಮುಚ್ಚಿಕೊಂಡು ಹೊಳೆಯಿಂದ ಮನೆ ಸೇರುತ್ತಿದ್ದವಳು ಇಲ್ಲಿ ಪಾಕೀಟಿನ ಹಾಲು ತರಲು ಹೋಗಿ ಎರಡು ಸಲ ಯಾರದೋ ಬಾಗಿಲು ಬಡಿದೆ. ಬಾಡಿಗೆ ಮನೆಯ ಸ್ಲ್ಯಾಬಿನಲ್ಲಿ ತೊಟ್ಟಿಲಿಗೊಂದು ಕೊಂಡಿಯೂ ಇಲ್ಲ. ಬಾಣಂತನಕ್ಕೆ ಬಂದ ಮಗಳು ಸಾವಿತ್ರಿಯದು ಒಂದೇ ಹಟ: "ಯವ್ವಾ, ನನ್ನ ತೂಗಿದ ತೊಲಿಗೇ ನನ್ನ ಕೂಸಿನ ತೊಟ್ಲಾ ಕಟ್ಟಬೇಕು ನೋಡು."

ತೊಲೆಯೋ, ನಮ್ಮ ಹೊಸ ಪ್ಲಾಟಿನಲ್ಲಿ ತಾಡಪತ್ರಿಯ ಕೆಳಗೆ ಮಲಗಿತ್ತು. ನಮ್ಮ ಪಡಸಾಲೆ ಪೂರ್ತಿ ಸಾಗವಾನಿಯದು, ಒಂದು ಮೊಳೆಯಿಲ್ಲ. ಕಂಬದ ತಲೆಯ ಗೂಟ ತೊಲೆಯ ತೂತಿಗೆ ಕೂಡುತ್ತದೆ, ಒಂದರ ಗೂಟ ಇನ್ನೊಂದರ ತೂತಿಗೆ ಒಗ್ಗದು. ಬಿಚ್ಚಿ ಒಯ್ದು ಮತ್ತೆ ನಿಲ್ಲಿಸಬಹುದು. ಊರಲ್ಲಿ ಬಿಚ್ಚುವಾಗ ಬಡಿಗೇರ ಮಾನಪ್ಪ ಮೂಡಣದ ಕಂಬಕ್ಕೆ "ಮೂ", ಪಡುವಣದ ಕಂಬಕ್ಕೆ "ಪ" ಎಂದು ಡಾಂಬರಿನಲ್ಲಿ ಬರೆದ. ಭಾರೀ ಜಾಣ! ಅಲ್ಲಿ ನಮ್ಮ ಬಾಗಿಲು ಮೂಡಣಕ್ಕಿತ್ತು, ಇಲ್ಲಿ ರಸ್ತೆಯಿರುವುದು ಪಡುವಣಕ್ಕೆ. ಬಾಗಿಲನ್ನೂ ತೊಲೆಗಳನ್ನೂ ರಸ್ತೆಯ ಕಡೆ ತಿರುಗಿಸಿದವನು ಕಂಬಗಳನ್ನು ಮಾತ್ರ ಬರೆದಂತೆಯೇ ನಿಲ್ಲಿಸಿದ. ಮುಂದಿನವು ಹಿಂದೆ ಹೋದವು. ಮೂರು ದಿನ ಬಡಿದರೂ ಗೂಟ ತೂತಿಗೆ ಕೂಡಲಿಲ್ಲ. ಹದಿಮೂರನೆಯ ದಿನದ ತೊಟ್ಟಿಲು ಹತ್ತಿರ ಬಂತು.

"ಕಟಗಿ ಸೊಟ್ಟ ಆಗೇತಿ, ಯಕ್ಕಾ. ಮಾರಿ ಸ್ಲ್ಯಾಬ್ ಹಾಕಸ್ರಿ," ಎಂದ.

"ಸೊಟ್ಟ ಆಗಿದ್ದು ನಿನ್ನ ತಲಿ!"

ನನ್ನ ಓದು ಎರಡನೇ ಇಯತ್ತೆಗೆ ಮುಗಿದದ್ದು. ಅಕ್ಷರ ಬಿಟ್ಟು ಕಂಬಗಳನ್ನೇ ಸವರುತ್ತ ಹೋದೆ. ಒಂದರಲ್ಲಿ ಬೆರಳಿಗೆ ಗೆರೆ ಸಿಕ್ಕಿತು. ನಾನೂ ನಮ್ಮತ್ತೆಯೂ ಮಜ್ಜಿಗೆ ಕಡೆದ ಹಗ್ಗ ಕೊರೆದ ಗೆರೆ ಅದು! ಆ ಕಂಬ ಅಡಿಗೆಮನೆಯ ಪಕ್ಕದ್ದು.

"ಮಾನಪ್ಪಾ, ಮೂಡಣ ಪಡುವಣ ಮರತಬಿಡು. ಇದನ್ನ ಅಡಗಿಮನಿ ಬಾಜೂಕ ನಿಂದರಸು, ಉಳದದ್ದು ತಾನ ಬರ್ತೈತಿ."

"ಸೂರ್ಯಾನ್ನ ನೋಡೇ ಬರದಿದ್ನೆಲಾ, ಯಕ್ಕಾ!"

"ಸೂರ್ಯಾ ನಮ್ಮನ್ಯಾಗ ಮಜ್ಜಗಿ ಕಡದಾನೇನು?"

ಅಂದು ಸಂಜೆಯೊಳಗೆ ತೊಲೆ ಕೂತಿತು. ಮೇಲೆ ಮಣ್ಣಿನ ಮಾಳಿಗೆಯಿಲ್ಲ, ಬಿಸಿಲಿಗೆ ಕಾಯುವ ತಗಡು. ಇರಲಿ. ನೀವು ಮನೆ ಬಿಚ್ಚುವಾಗ ದಿಕ್ಕು ಬರೆಸಬೇಡಿ. ಬಾಗಿಲ ಕಡೆಯದು, ಒಲೆಯ ಕಡೆಯದು ಎಂದು ಬರೆಸಿ.

ಇವತ್ತು ಸಂಜೆ ಗುಗ್ಗರಿ ಹಂಚಿ, ಹೋಳಿಗೆ ಬಡಿಸಿ ಎಲ್ಲರೂ ಉಣ್ಣಲು ಕೂತೆವು. ಬಾಗಿಲಿಗೆ ಮುಖ ಮಾಡಿ ಉಣ್ಣುವುದು ನಮ್ಮ ಮನೆಯ ರೂಢಿ. ಅಲ್ಲಿ ಬಾಗಿಲೂ ಮೂಡಣವೂ ಒಂದೇ ಕಡೆ ಇದ್ದವು. ಮಗಳು, ಅಳಿಯ, ಮಗ ಇಲ್ಲಿಯ ಪಡುವಣದ ಬಾಗಿಲ ಕಡೆ ತಿರುಗಿ ಕೂತರು. ನನ್ನ ಮೈ ತಾನಾಗಿ ಮೂಡಣಕ್ಕೆ ತಿರುಗಿತು. ಎದುರುಬದುರಾಗಿ ಕೂತು ಉಂಡೆವು, ನಡುವೆ ತೊಟ್ಟಿಲು.